ಅಡಿಕೆ ಅಂಗಳದ ಬಿಸಿಲಿಗೆ ಮುಟ್ಟಾಳೆಯೊಂದೇ ಸಾಲದು

ನಮ್ಮ ಕಾಸರಗೋಡಿನ ಕಡೆ ಡಿಸೆಂಬರಿನಿಂದ ಮಳೆ ಹಿಡಿಯುವ ತನಕ ಅಡಿಕೆ ಒಣಗಿಸುವ ಕೆಲಸ ಅಂಗಳದಲ್ಲೇ. ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ. ನೆತ್ತಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಿವಿ, ಕುತ್ತಿಗೆಯ ಹಿಂಬದಿ, ಕಣ್ಣು ಬಿಸಿಲಿಗೇ ಬಿದ್ದಿರುತ್ತವೆ. ಬೈರಾಸನ್ನು (ಹೆಗಲಿನ ಹತ್ತಿ ವಸ್ತ್ರ) ಕಿವಿ ಮುಚ್ಚುವಂತೆ ಇಳಿಬಿಟ್ಟು ಅದರ ಮೇಲೆ ಮುಟ್ಟಾಳೆ ಇಡುತ್ತೇನೆ. ಬೈರಾಸು ಒಣಗಿರಬೇಕು. ಹತ್ತಿ ಬಟ್ಟೆ ಒದ್ದೆಯಾದರೆ ತಂಪೇನೋ ಹೌದು, ನೇರಳಾತೀತ ಕಿರಣವೂ ಹೆಚ್ಚು ಒಳಗೆ ಬರುತ್ತದೆ. ತೊಳೆದು ತೊಳೆದು ತೆಳುವಾದ ಬಿಳಿ ಅಂಗಿಯೂ ಹಾಗೆಯೇ. ಒತ್ತು ನೇಯ್ಗೆಯ, ಗಾಢ ಬಣ್ಣದ, ಸಡಿಲವಾದ ತುಂಬುತೋಳಿನ ಅಂಗಿ ಒಳ್ಳೆಯದು.

ಇಲ್ಲಿ ಸೂರ್ಯ ನೆತ್ತಿಗೇರುವುದು ಹನ್ನೆರಡಕ್ಕಲ್ಲ. ಫೆಬ್ರವರಿಯಲ್ಲಿ ಸುಮಾರು 12.45, ಏಪ್ರಿಲ್ ಕೊನೆಗೆ 12.30. ಬಿಸು ಹಬ್ಬ ಕಳೆದು ಒಂದು ವಾರಕ್ಕೆ, ಏಪ್ರಿಲ್ 23ರ ಆಸುಪಾಸಿನಲ್ಲಿ, ನೆರಳು ಕಾಲಡಿಗೇ ಬರುತ್ತದೆ. ಆದ್ದರಿಂದ ಅಡಿಕೆ ತಿರುವಿಹಾಕುವುದು ಹತ್ತರೊಳಗೆ, ಇಲ್ಲವೇ ಮೂರರ ಮೇಲೆ. ಗಡಿಯಾರ ಇಲ್ಲದಿದ್ದರೆ ನೆರಳು ನೋಡಿ: ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ.

ಕಣ್ಣಿನ ವಿಷಯದಲ್ಲೇ ಹೆಚ್ಚು ತಪ್ಪಾಗುವುದು. ಸಂತೆಯ ಕಪ್ಪು ಕನ್ನಡಕ ಬೆಳಕನ್ನಷ್ಟೇ ತಗ್ಗಿಸಿ ಕಿರಣವನ್ನು ತಡೆಯದಿದ್ದರೆ, ಪಾಪೆ ಹಿಗ್ಗಿ ಒಳಗೆ ಇನ್ನಷ್ಟು ಹೋಗುತ್ತದೆ. ಬಣ್ಣವನ್ನಲ್ಲ, ‘ಯುವಿ 400’ (400 ನ್ಯಾನೋಮೀಟರಿನವರೆಗಿನ ನೇರಳಾತೀತ ಕಿರಣ ತಡೆಯುತ್ತದೆಂಬ ಗುರುತು) ಎಂಬುದನ್ನು ನೋಡಿ ಕೊಳ್ಳಿ. ಪೋಲರೈಸ್ಡ್ ಅಂದರೆ ಪ್ರತಿಫಲನದ ಕಣ್ಣುಕುಕ್ಕು ತಗ್ಗುತ್ತದೆ, ಅಷ್ಟೇ. ಕನ್ನಡಕದ ಅಂಗಡಿಯಲ್ಲಿ ಮೀಟರಿದ್ದರೆ ಪರೀಕ್ಷಿಸಿ ಕೊಡುತ್ತಾರೆ. ನೋಟು ನೋಡುವ ನೇರಳೆ ಟಾರ್ಚಿನಿಂದಲೂ ಅಂದಾಜು ಸಿಗುತ್ತದೆ: ಗಾಜಿನ ಮೂಲಕ ಬೆಳಕು ಬಿಟ್ಟಾಗ ನೋಟಿನ ಹೊಳೆಯುವ ಗುರುತು ಹೊಳೆಯಬಾರದು. ಟಾರ್ಚು 365 ನ್ಯಾನೋಮೀಟರಿನದ್ದಾಗಬೇಕು. 395ರದ್ದು ಒಳ್ಳೆಯ ಗಾಜನ್ನೂ ಕೆಟ್ಟದೆಂದು ತೋರಿಸೀತು. ಟಾರ್ಚಿನ ಬೆಳಕನ್ನು ಕಣ್ಣಿಗೆ ಬಿಡಲೇಬೇಡಿ. ಬದಿಗೆ ಬಾಗಿದ ಕನ್ನಡಕವೇ ಬೇಕು, ಏಕೆಂದರೆ ಅಂಗಳದ ಸಿಮೆಂಟಿನಿಂದಲೂ ಕಿರಣ ಮೇಲೆ ಚಿಮ್ಮುತ್ತದೆ. ಕಡಲಬದಿಯ ಒಣ ಹೊಯಿಗೆಯಾದರೆ (ಮರಳು) ಸುಮಾರು ಶೇ. 15. ಮೂಗಿನ ಬದಿಯಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸದಂತಹ ಪೊರೆ ಬೆಳೆಯತೊಡಗಿದರೆ ಕಣ್ಣಿನ ಡಾಕ್ಟರಲ್ಲಿ ಆಗಲೇ ತೋರಿಸಿ.

ತೆಂಗಿನೆಣ್ಣೆ ಬಿಸಿಲು ತಡೆಯುತ್ತದೆಂದು ನಂಬಬೇಡಿ. ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಅಳತೆ) 30ರ ಕ್ರೀಮು ಸಾಕು, ಅಳತೆ ಮುಖ್ಯ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಆಗುತ್ತದೆ. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಬೆವರು ಒರೆಸಿದರೆ ಆಗಲೇ.

ಅಡಿಕೆ ಒಣಗಿಸುವ ಗೂಡಿನ ‘ಯುವಿ ಶೀಟ್’ (ಪ್ಲಾಸ್ಟಿಕ್ ಹೊದಿಕೆ) ಕೆಳಗೆ ಕೆಲಸ ಮಾಡುವಾಗಲೂ ಅಂಗಿ ಬಿಚ್ಚಬೇಡಿ. ಶೀಟಿಗೆ ಯುವಿ ತಡೆಯುವ ಮದ್ದು ಸೇರಿಸಿದ್ದು ಅದು ಬೇಗ ಪುಡಿಯಾಗದಿರಲೆಂದು. ಕೈಗೆ ಲಿಂಬೆರಸ ತಾಗಿದ್ದರೆ ತೊಳೆದೇ ಬಿಸಿಲಿಗೆ ಹೋಗಿ, ಇಲ್ಲವಾದರೆ ಮರುದಿನ ಬೊಕ್ಕೆ ಏಳಬಹುದು. ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರ ಚರ್ಮ ಬೇಗ ಸುಡುತ್ತದೆ. ಮಾತ್ರೆ ಬಿಡುವುದು ಬೇಡ, ಆ ದಿನಗಳಲ್ಲಿ ಅವರಿಗೆ ನೆರಳಿನ ಕೆಲಸ ಕೊಡಿ.