ಅಮಿಗಾ 1200ಕ್ಕೆ ಕಡಿಮೆಯಿದ್ದದ್ದು ಏನು? ಅಳೆದು ನೋಡಿದೆ

ಹಳೇ ಕಂಪ್ಯೂಟರ್ ಹುಚ್ಚಿನವರು ನಾಲ್ಕು ಜನ ಸೇರಿದರೆ ಕಮೊಡೋರ್ ಕಂಪನಿಯ ಮನೆ ಕಂಪ್ಯೂಟರ್ ಅಮಿಗಾ 1200ರ ಮಾತು ಬಂದೇ ಬರುತ್ತದೆ. ಅದರ ಹಿಂದೆಯೇ ‘ಒಂದು ಚಂಕಿ ಮೋಡ್ ಕೊಟ್ಟಿದ್ದರೆ ಕಮೊಡೋರ್ ಮುಳುಗುತ್ತಲೇ ಇರಲಿಲ್ಲ’ ಎಂಬ ಹಳಹಳಿಕೆ. ಎದುರು ಪಾಳಯದವರು ‘ಚಂಕಿ ಇದ್ದು ಏನು ಮಾಡ್ತಿದ್ರಿ, ಫಾಸ್ಟ್ ರ‍್ಯಾಮೇ ಇರಲಿಲ್ಲವಲ್ಲ’ ಎನ್ನುತ್ತಾರೆ (ಪ್ರೊಸೆಸರ್ ಒಂದಕ್ಕೇ ಮೀಸಲಾದ ಮೆಮೊರಿ ಅದು). ಎರಡೂ ಕಡೆ ಗಂಟಲು ಜೋರು, ಅಳತೆ ಮಾತ್ರ ಯಾರೂ ಮುಂದಿಡುವುದಿಲ್ಲ. ಯಂತ್ರ ನನ್ನ ಮೇಜಿನ ಮೇಲೇ ಇತ್ತು, ಅಳೆಯಲು ಕೂತೆ.

ಹೊಸಬರಿಗೆ ಎರಡು ಮಾತು. ಆ ಕಾಲದ ಪಿಸಿಯ ವಿಜಿಎ ಕಾರ್ಡಿನಲ್ಲಿ 320x200 ಅಳತೆಯ 256 ಬಣ್ಣದ ಪರದೆ ಎಂದರೆ 64,000 ಬೈಟು, ಪಿಕ್ಸೆಲ್‌ಗೆ ಒಂದೊಂದು. ಬಣ್ಣ ಬದಲಿಸಬೇಕಾದರೆ ಆ ಒಂದು ಬೈಟು ಬರೆದರಾಯಿತು. ಇದು ಚಂಕಿ. ಅಮಿಗಾದಲ್ಲಿ ಒಂದು ಪಿಕ್ಸೆಲ್‌ನ ಎಂಟು ಬಿಟ್‌ಗಳು ಎಂಟು ಬಿಟ್‌ಪ್ಲೇನ್‌ಗಳಲ್ಲಿ, ಅಂದರೆ ಪಿಕ್ಸೆಲ್‌ಗೆ ಒಂದೊಂದೇ ಬಿಟ್ ಇರುವ ಎಂಟು ಬೇರೆ ಬೇರೆ ಪದರಗಳಲ್ಲಿ, ಹಂಚಿಹೋಗಿರುತ್ತವೆ. ಇದು ಪ್ಲೇನಾರ್. ಮೊದಲ ಅಮಿಗಾ ಬಂದ 1985ರಲ್ಲಿ ಅದು ಜಾಣತನವೇ: 32 ಬಣ್ಣ ಸಾಕೆಂದರೆ ಐದೇ ಪ್ಲೇನ್, ದುಬಾರಿ ಮೆಮೊರಿಯ ಒಂದು ಬಿಟ್ಟೂ ಪೋಲಾಗುವುದಿಲ್ಲ. ಆದರೆ 1993ರ ಡಿಸೆಂಬರಿನಲ್ಲಿ ಡೂಮ್ ಬಂತು. ಗೋಡೆಯ ಪ್ರತಿ ಪಿಕ್ಸೆಲ್ಲನ್ನೂ ಲೆಕ್ಕ ಹಾಕಿ ಬರೆಯುವ ಆಟ ಅದು. ಅಂಥದ್ದಕ್ಕೆ, ಪಿಕ್ಸೆಲ್ ಒಂದಕ್ಕೆ ಎಂಟು ಕಡೆ ಕೈ ಹಾಕಬೇಕಾದ ಈ ವ್ಯವಸ್ಥೆ ಉರುಳಾಯಿತು.

ಅಳೆಯುವ ಮುಂಚೆ ಯಂತ್ರ ಗಟ್ಟಿಯಾಗಿರಬೇಕು. 1200ರ ಬೋರ್ಡಿನ ಮೇಲಿನ ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಇಷ್ಟು ವರ್ಷಕ್ಕೆ ಸೋರಿಯೇ ಇರುತ್ತವೆ. ಬಿಸಿ ಮಾಡಿದಾಗ ಮೀನಿನ ವಾಸನೆ ಬಂತೆಂದರೆ ಅನುಮಾನ ಬೇಡ. ಇಕ್ಕಳದಲ್ಲಿ ಹಿಡಿದು ತಿರುಚಿ ಕೀಳುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ, ಕೆಳಗಿನ ಪ್ಯಾಡ್ ಎದ್ದು ಬಂದರೆ ತಾಮ್ರದ ಗೆರೆ ಹುಡುಕಿಕೊಂಡು ತಂತಿ ಎಳೆಯಬೇಕಾಗುತ್ತದೆ. ಎರಡೂ ತುದಿಗೆ ಹೊಸ ಸೋಲ್ಡರ್ ತುಂಬಿ, ಒಟ್ಟಿಗೆ ಕರಗಿಸಿ ಎತ್ತಿದೆ. ಸೋರಿದ ದ್ರವ ತೊಳೆದು, ಫ್ಲಕ್ಸ್ ಹಾಕಿ, ಸೆರಾಮಿಕ್ ಕೂರಿಸಿದೆ.

1992ರಲ್ಲಿ ಬಂದ ಈ ಯಂತ್ರದ ಒಳಗಿರುವುದು 14 ಮೆಗಾಹರ್ಟ್ಸ್‌ನ 68ಇಸಿ020 ಪ್ರೊಸೆಸರ್ (68020ರ ಅಗ್ಗದ ಆವೃತ್ತಿ) ಮತ್ತು 2 ಮೆಗಾಬೈಟ್ ಚಿಪ್ ರ‍್ಯಾಮ್. ಚಿಪ್ ರ‍್ಯಾಮ್ ಎಂದರೆ ಚಿತ್ರ, ಧ್ವನಿ, ಫ್ಲಾಪಿ, ಪ್ರೊಸೆಸರ್ ಎಲ್ಲರೂ ಪಾಳಿಯ ಮೇಲೆ ಮುಟ್ಟುವ ಮೆಮೊರಿ. ಬಸ್ಸು 32 ಬಿಟ್ಟಿನದೇ ಆದರೂ ಪಾಳಿಯ ಲಯ ಹಳೆಯದು. ಪ್ರೊಸೆಸರ್ ಅದರೊಳಗೆ ಬರೆಯುವ ವೇಗ ಸೆಕೆಂಡಿಗೆ ಸುಮಾರು 7 ಮೆಗಾಬೈಟಿಗೆ ನಿಂತುಬಿಡುತ್ತದೆ. ಇನ್ನೊಂದು ವಿಷಯ, ಕೋಡ್ ಬರೆಯುವವರು ಮೊದಲೇ ತಿಳಿದಿರಬೇಕಾದ್ದು. ಚಿತ್ರದ ಚಿಪ್ಪು ಒಂದು ಸಲಕ್ಕೆ ಎಷ್ಟು ಬಿಟ್ ಎಳೆಯಬೇಕೆಂದು ಹೇಳುವ ಎಫ್‌ಮೋಡ್ ರಿಜಿಸ್ಟರ್ 0 ಇದ್ದರೆ ಎಂಟು ಪ್ಲೇನ್‌ಗಳ ಪರದೆ ಚಿತ್ರದ ಸಾಲುಗಳುದ್ದಕ್ಕೂ ಬಸ್ಸನ್ನು ಪೂರ್ತಿ ನುಂಗುತ್ತದೆ, ಪ್ರೊಸೆಸರ್‌ಗೆ ಸಿಗುವುದು ಬರೀ ಅಂಚು. 3 ಮಾಡಿದರೆ ಒಂದೇ ಸಲಕ್ಕೆ 64 ಬಿಟ್ ಎಳೆದುಕೊಂಡು ಜಾಗ ಬಿಡುತ್ತದೆ. ಆದರೆ ಪ್ಲೇನ್‌ಗಳ ವಿಳಾಸ ಎಂಟರಿಂದ ಭಾಗವಾಗಲೇಬೇಕು, ಇಲ್ಲದಿದ್ದರೆ ಚಿತ್ರ ಸೊಟ್ಟಗಾಗುತ್ತದೆ.

ಫಾಸ್ಟ್ ರ‍್ಯಾಮ್ ಪ್ರೊಸೆಸರ್ ಒಬ್ಬನದೇ ಸೊತ್ತು. ಅದಕ್ಕೆ ಅಡಿಯ ಟ್ರ್ಯಾಪ್‌ಡೋರ್‌ನಲ್ಲಿ ಕೂರುವ ಬರೀ ಮೆಮೊರಿಯ ಕಾರ್ಡು ಆರಿಸಿಕೊಂಡೆ. ವೇಗದ ಪ್ರೊಸೆಸರ್ ಇರುವ ಕಾರ್ಡು ಹಾಕಿದ್ದರೆ ಯಾವ ಲಾಭ ಯಾವುದರಿಂದ ಬಂತೆಂದು ಬೇರ್ಪಡಿಸಲು ಆಗುತ್ತಿರಲಿಲ್ಲ.

ಮುಖ್ಯ ಕೆಲಸ ಚಂಕಿಯಿಂದ ಪ್ಲೇನಾರ್‌ಗೆ ಪರಿವರ್ತನೆ. ಚಿತ್ರವನ್ನು ಮೊದಲು ಫಾಸ್ಟ್ ರ‍್ಯಾಮಿನಲ್ಲಿ ಪಿಕ್ಸೆಲ್‌ಗೊಂದು ಬೈಟಿನಂತೆ ಬಿಡಿಸಿ, ಆಮೇಲೆ ಬಿಟ್‌ಗಳನ್ನು ಎಂಟು ಪ್ಲೇನ್‌ಗೆ ಹಂಚುವುದು. 32 ಪಿಕ್ಸೆಲ್ ಎಂದರೆ 32 ಬಿಟ್ಟಿನ ಎಂಟು ಲಾಂಗ್‌ವರ್ಡ್, 68020ರೊಳಗೆ ಲೆಕ್ಕಕ್ಕೆಂದು ಇರುವ ಡೇಟಾ ರಿಜಿಸ್ಟರ್‌ಗಳೂ ಸರಿಯಾಗಿ ಎಂಟು. ಎರಡೆರಡು ರಿಜಿಸ್ಟರ್ ಜೋಡಿ ಮಾಡಿ 16, 8, 4, 2, 1 ಬಿಟ್‌ಗಳ ತುಂಡುಗಳನ್ನು ಅದಲುಬದಲು ಮಾಡುತ್ತ ಐದು ಸುತ್ತು ಮುಗಿಸಿದರೆ ಮ್ಯಾಟ್ರಿಕ್ಸ್ ತಿರುಗಿಕೊಂಡಿರುತ್ತದೆ. ಕೇಳಲು ಚೆಂದ. ಎಂಟೂ ರಿಜಿಸ್ಟರ್ ತುಂಬಿರುವಾಗ ಅದಲುಬದಲಿಗೆ ಬೇಕಾದ ಖಾಲಿ ಜಾಗ ಎಲ್ಲಿಂದ ತರುವುದು? ಅಡ್ರೆಸ್ ರಿಜಿಸ್ಟರ್‌ಗಳಲ್ಲಿ ಒಂದೆರಡನ್ನು ಅಡಗಿಸಿಟ್ಟು, ಸುತ್ತುಗಳ ಕ್ರಮ ಹಿಂದುಮುಂದು ಮಾಡಿ ಹೊಂದಿಸಬೇಕು. ಇದೆಲ್ಲ 020ರ 256 ಬೈಟಿನ ಇನ್‌ಸ್ಟ್ರಕ್ಷನ್ ಕ್ಯಾಶೆಯೊಳಗೂ (ಈಚೆಗೆ ಓಡಿಸಿದ ಸೂಚನೆಗಳನ್ನು ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಜಾಗ) ಹಿಡಿಯಬೇಕು, ಹಿಡಿಯದಿದ್ದರೆ ಪ್ರತಿ ಸೂಚನೆಗೂ ಮೆಮೊರಿಗೆ ಓಡಾಟ. ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದೇ. ಮನೆಯವರಿಗೆ ವಿವರಿಸಲು ಹೋಗಬೇಡಿ.

ಅಳೆಯುವುದಕ್ಕೆ ಹಳೇ ಉಪಾಯವನ್ನೇ ಬಳಸಿದೆ: ಗೋಡೆ ಬಿಡಿಸುವ ಕೆಲಸ ಶುರುವಾದಾಗ ಹಿನ್ನೆಲೆ ಬಣ್ಣ ಕೆಂಪು, ಪರಿವರ್ತನೆ ಶುರುವಾದಾಗ ಹಸಿರು, ಮುಗಿದಾಗ ಕಪ್ಪು. ಪರದೆಯ ಮೇಲೆ ಬಣ್ಣದ ಪಟ್ಟೆ ಬೀಳುತ್ತದೆ. ಪಾಲ್ (ಯುರೋಪಿನ ಟಿವಿ ಪದ್ಧತಿ) ಯಂತ್ರದಲ್ಲಿ ಪರದೆಯ ಒಂದು ಸಾಲಿಗೆ 64 ಮೈಕ್ರೋಸೆಕೆಂಡ್, ಪಟ್ಟೆಯ ಎತ್ತರವೇ ಸಮಯ. ಇಡೀ ಪರದೆಯ ಕೆಲಸ ಒಂದು ಫ್ರೇಮಿನ 20 ಮಿಲಿಸೆಕೆಂಡಿಗೆ ಹಿಡಿಯುವುದಿಲ್ಲ, ಪಟ್ಟೆಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಾಗಿ 16 ಸಾಲಿನ ತುಂಡನ್ನಷ್ಟೇ ಬಿಡಿಸಿ ಗುಣಿಸಿಕೊಂಡೆ.

ಇಲ್ಲದ ಚಂಕಿ ಮೋಡನ್ನು ಅಳೆಯುವುದು ಹೇಗೆ? ಬಿಡಿಸುವ ಕೋಡು ಬೈಟುಗಳನ್ನು ನೇರವಾಗಿ ಚಿಪ್ ರ‍್ಯಾಮಿಗೆ ಬರೆಯಲಿ, ಪರಿವರ್ತನೆ ಬಿಟ್ಟುಬಿಡಲಿ ಎಂದೆ. ಪರದೆಯ ಮೇಲೆ ಬರೀ ಕಸ ಕಾಣುತ್ತದೆ, ಆದರೆ ಹಿಡಿಯುವ ಸಮಯ ಚಂಕಿ ಮೋಡ್ ಇದ್ದಿದ್ದರೆ ಹಿಡಿಯುತ್ತಿದ್ದಷ್ಟೇ.

ಫಾಸ್ಟ್ ರ‍್ಯಾಮ್ ಇದ್ದಾಗ ಕೆಂಪು ಹಸಿರು ಎರಡೂ ಹೆಚ್ಚುಕಡಿಮೆ ಸಮ ಬಂದವು. ಗೋಡೆ ಬಿಡಿಸಲು ಎಷ್ಟು ಹೊತ್ತೋ ಅದನ್ನು ಪ್ಲೇನ್‌ಗೆ ಹಂಚಲೂ ಅಷ್ಟೇ. ಇಡೀ ಪರದೆಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಐದು ಫ್ರೇಮು. ಹಸಿರು ಕಿತ್ತು ಹಾಕಿದಾಗ ಎಂಟರ ಆಸುಪಾಸು; ನಿಧಾನದ ಚಿಪ್ ರ‍್ಯಾಮಿಗೆ ಒಂದೊಂದೇ ಬೈಟು ಬರೆಯುವುದರಿಂದ ಹತ್ತಕ್ಕೆ ಮುಟ್ಟಲಿಲ್ಲ. ಚಂಕಿ ಪಾಳಯದವರ ಮಾತಿನಲ್ಲಿ ಸತ್ಯ ಇದೆ, ಒಪ್ಪಲೇಬೇಕು. ಆದರೆ ಎಂಟು ಫ್ರೇಮಿನಲ್ಲಿ ಓಡುವ ಆಟವನ್ನು ಯಾರು ಕೊಳ್ಳುತ್ತಿದ್ದರು? ಉಳಿದ ಕೆಂಪು ಪಟ್ಟೆ 14 ಮೆಗಾಹರ್ಟ್ಸ್ ಪ್ರೊಸೆಸರ್‌ನ ಮಿತಿ, ಅದಕ್ಕೆ ಯಾವ ಮೋಡೂ ಮದ್ದಲ್ಲ. 1995ರಲ್ಲಿ ಬಂದ ಏಲಿಯನ್ ಬ್ರೀಡ್ 3ಡಿ ಪಿಕ್ಸೆಲ್‌ಗಳನ್ನು ಇಟ್ಟಿಗೆಯಷ್ಟು ದಪ್ಪ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಕಾರ್ಡು ತೆಗೆದು ಅದೇ ಕೋಡನ್ನು ಚಿಪ್ ರ‍್ಯಾಮಿನಲ್ಲೇ ಓಡಿಸಿದಾಗ ಒಳಸುತ್ತಿನ ಪಟ್ಟೆ ಅಂದುಕೊಂಡಷ್ಟು ಬೆಳೆಯಲಿಲ್ಲ, ಕ್ಯಾಶೆ ಕಾಪಾಡಿತು. ಬೆಳೆದದ್ದು ಉಳಿದೆಲ್ಲ: ಯಾವ ಗೋಡೆ ಕಾಣುತ್ತದೆ, ಶತ್ರು ಎಲ್ಲಿದ್ದಾನೆ, ಯಾವ ಬಾಗಿಲು ತೆರೆದಿದೆ ಎಂದು ಲೆಕ್ಕ ಹಾಕುವ ಉದ್ದುದ್ದ ಕೋಡು. 256 ಬೈಟಿಗೆ ಹಿಡಿಯದ ಆ ಭಾಗ ಸರಿಸುಮಾರು ದುಪ್ಪಟ್ಟಾಯಿತು. ಇದು ಬರೀ ಆಟದ ಕಥೆಯಲ್ಲ, ಯಂತ್ರದಲ್ಲಿ ಓಡುವ ಪ್ರತಿ ಪ್ರೋಗ್ರಾಮಿನ ಕಥೆ.

ಅದಕ್ಕೇ ನನ್ನ ಓಟು, ಕಮೊಡೋರ್ ಬೋರ್ಡಿನ ಮೇಲೇ ಕೊಡಬೇಕಾಗಿದ್ದ ಒಂದು ಮೆಗಾಬೈಟ್ ಫಾಸ್ಟ್ ರ‍್ಯಾಮಿಗೆ. ಕಾರ್ಡು ಕೊಂಡವರಿಗೆ ವೇಗ ಸಿಕ್ಕಿತು ನಿಜ, ಆದರೆ ಆಟ ಬರೆಯುವವರು ಅಂಗಡಿಯಿಂದ ಬಂದ ಹಾಗೇ ಇರುವ ಯಂತ್ರವನ್ನು ನೋಡಿ ಬರೆಯುತ್ತಾರೆ. ಅಮಿಗಾ 1200ಕ್ಕಿಂತ ಹತ್ತು ವರ್ಷ ಹಿಂದಿನ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲೂ ಇದೇ ಜಗಳವಿತ್ತು: ಕೆಳಗಿನ 16ಕೆ ರ‍್ಯಾಮನ್ನು ಚಿತ್ರ ಮೂಡಿಸುವ ಯುಎಲ್‌ಎ ಚಿಪ್ ಹಂಚಿಕೊಳ್ಳುವುದರಿಂದ ಅಲ್ಲಿ ಝಡ್80 ಪ್ರೊಸೆಸರ್ ಕಾಯಬೇಕು. ಆದರೆ 48ಕೆ ಮಾದರಿಯಲ್ಲಿ ಕಾಯುವ ಗೋಜಿಲ್ಲದ 32ಕೆ ಹುಟ್ಟಿನಿಂದಲೇ ಇತ್ತು, ವೇಗದ ಕೋಡನ್ನೆಲ್ಲ ಎಲ್ಲರೂ ಅಲ್ಲಿಟ್ಟರು.

‘ಸಿಡಿ32ರಲ್ಲಿ ಅಕಿಕೊ ಇತ್ತಲ್ಲ’ ಎಂದು ಯಾರಾದರೂ ಎತ್ತುತ್ತಾರೆ. ಹೌದು, 1993ರ ಆ ಕನ್ಸೋಲಿನ ಅಕಿಕೊ ಚಿಪ್ಪಿಗೆ 32 ಚಂಕಿ ಪಿಕ್ಸೆಲ್ ಕೊಟ್ಟರೆ ಪ್ಲೇನಾರ್ ಮಾಡಿ ಮರಳಿಸುತ್ತದೆ. ಆದರೆ ಕೊಡುವವನೂ ಪ್ರೊಸೆಸರ್, ತಿರುಗಿ ಓದಿ ಪ್ಲೇನ್‌ಗೆ ಬರೆಯುವವನೂ ಅವನೇ. ಅಲ್ಲೂ ಫಾಸ್ಟ್ ರ‍್ಯಾಮ್ ಇಲ್ಲ. 68040 ಇರುವ ಅಮಿಗಾದಲ್ಲಿ ಪರಿವರ್ತನೆ ಚಿಪ್ ರ‍್ಯಾಮಿಗಾಗಿ ಕಾಯುವ ಬಿಡುವಿನಲ್ಲೇ ಮುಗಿದುಹೋಗುತ್ತದೆ, ಅಕಿಕೊ ಬೇಕಾಗುವುದೇ ಇಲ್ಲ.

ನೀವೂ ಅಳೆಯುವುದಾದರೆ ಒಂದು ಕಿವಿಮಾತು. 8 ಮೆಗಾಬೈಟಿನ ಕಾರ್ಡು ಪಕ್ಕದ ಪಿಸಿಎಂಸಿಐಎ ಕಾರ್ಡ್ ಕಿಂಡಿಯ ವಿಳಾಸಗಳ ಮೇಲೆ ಕೂರುತ್ತದೆ, ಫೈಲು ಸಾಗಿಸಲು ಆ ಕಿಂಡಿಗೆ ಹಾಕಿದ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡು ಕಾಣದಾಗುತ್ತದೆ. ಜಂಪರ್ ಇದ್ದರೆ 4ಕ್ಕೆ ಇಳಿಸಿಕೊಳ್ಳಿ. ಈ ಪರೀಕ್ಷೆಗೆ ಅಷ್ಟು ಧಾರಾಳ.