ಹಿಂದಿನ ರೆಕ್ಕೆಯ ಚುಕ್ಕೆಗಳನ್ನು ಎಣಿಸಲು ಕಲಿತದ್ದು

ಬಾದಾಮಿಯ ಸಮೀಪದಲ್ಲಿರುವ ನಮ್ಮ ಹೊಲದ ಬದುವಿನುದ್ದಕ್ಕೂ ಎಕ್ಕೆಗಿಡಗಳಿವೆ. ಅವುಗಳ ಎಲೆ ತಿಂದೇ ಬೆಳೆಯುವ ಪ್ಲೇನ್ ಟೈಗರ್ ಪಾತರಗಿತ್ತಿಗೆ ಆದ್ದರಿಂದ ನಮ್ಮಲ್ಲಿ ಬರವಿಲ್ಲ. ಕಿತ್ತಳೆ ಬಣ್ಣ, ಮುಂದಿನ ರೆಕ್ಕೆಯ ಕಪ್ಪು ತುದಿ, ಆ ಕಪ್ಪಿನ ಮೇಲೆ ಓರೆಯಾಗಿ ಹಾಯ್ದ ಬಿಳಿ ಪಟ್ಟಿ ಕಂಡರೆ ಸಾಕು, ನಾನು ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರನ್ನು ಬರೆದುಬಿಡುತ್ತಿದ್ದೆ. ಎರಡು ಮಳೆಗಾಲ ಹೀಗೆಯೇ ಕಳೆದವು. ಮೂರನೆಯ ವರ್ಷ, ಕಳೆ ತೆಗೆಸುತ್ತಿದ್ದ ಒಂದು ಬೆಳಿಗ್ಗೆ, ಅಂಥದೇ ಒಂದು ಪಾತರಗಿತ್ತಿ ಪಕ್ಕದ ಎಕ್ಕೆಯ ಕಡೆ ಸುಳಿಯದೆ, ನೆಲಕ್ಕೆ ಹಬ್ಬಿದ ಗೋಣಿಸೊಪ್ಪಿನ ಮೇಲೆ ಹೊಟ್ಟೆ ಬಾಗಿಸಿ ಮೊಟ್ಟೆಯಿಡುತ್ತಿತ್ತು.

ಅದು ಡನೈಡ್ ಎಗ್‌ಫ್ಲೈ ಜಾತಿಯ ಹೆಣ್ಣು. ಎಕ್ಕೆಯ ಹಾಲಿನ ವಿಷವನ್ನು ಪ್ಲೇನ್ ಟೈಗರ್ ಹುಳು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದನ್ನು ದೂರವಿಡುತ್ತವೆ; ಎಗ್‌ಫ್ಲೈ ಹೆಣ್ಣು ಆ ವಿಷವಿಲ್ಲದೆಯೇ ಅದರ ವೇಷವನ್ನು ಮಾತ್ರ ತೊಟ್ಟಿರುತ್ತದೆ. ಗಂಡಿಗೆ ಈ ವೇಷವಿಲ್ಲ. ಕಪ್ಪು ರೆಕ್ಕೆಗಳ ಮೇಲೆ ನೇರಳೆ ಅಂಚಿನ ಬಿಳಿ ಮಚ್ಚೆಗಳಿರುವ ಅದನ್ನು ನಾನು ಹತ್ತಾರು ಸಲ ಸರಿಯಾಗಿಯೇ ಗುರುತಿಸಿದ್ದೆ. ಇಷ್ಟು ಗಂಡುಗಳಿರುವಲ್ಲಿ ಹೆಣ್ಣು ಒಂದೂ ಏಕೆ ಕಾಣುತ್ತಿಲ್ಲ ಎಂಬ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ.

ಅಂದಿನ ರಾತ್ರಿಯೇ ಹಳೆಯ ಚಿತ್ರಗಳನ್ನೆಲ್ಲ ತೆರೆದು, ಮುಂದಿನ ರೆಕ್ಕೆಯನ್ನು ಬಿಟ್ಟು ಹಿಂದಿನ ರೆಕ್ಕೆಯನ್ನಷ್ಟೇ ದೊಡ್ಡದು ಮಾಡಿ ನೋಡುತ್ತಾ ಹೋದೆ. ಪ್ಲೇನ್ ಟೈಗರ್ ಹೆಣ್ಣಿನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆಗಳಿರುತ್ತವೆ. ಗಂಡಿಗೆ ಇವುಗಳ ಜೊತೆಗೆ ನಾಲ್ಕನೆಯದೊಂದು ಇದ್ದು, ಅದು ಗಂಧ ಸೂಸುವ ಚೀಲವಾದ್ದರಿಂದ ಉಳಿದವುಗಳಿಗಿಂತ ದೊಡ್ಡದಾಗಿ, ಕೆಳಮೈಯಲ್ಲಿ ನಡುವೆ ಬಿಳಿಯಾಗಿ ಕಾಣುತ್ತದೆ. ಎಗ್‌ಫ್ಲೈ ಹೆಣ್ಣಿಗೆ ರೆಕ್ಕೆಯ ನಡುವೆ ಈ ಚುಕ್ಕೆಗಳೇ ಇಲ್ಲ. ಮೇಲಂಚಿನ ಹತ್ತಿರ ಒಂದೇ ಒಂದು ಕಪ್ಪು ಚುಕ್ಕೆ. ಓರೆಪಟ್ಟಿಯನ್ನು ನಂಬಿದರೆ ಇನ್ನೊಂದು ತೊಡಕೂ ಇದೆ: ಎರಡೂ ಜಾತಿಗಳಲ್ಲಿ ಕಪ್ಪು ತುದಿಯೇ ಇಲ್ಲದ, ಪೂರ್ತಿ ಕಿತ್ತಳೆ ರೆಕ್ಕೆಯ ರೂಪಗಳೂ ಉಂಟು. ದೂರದ ಹಕ್ಕಿಯ ಕಣ್ಣಿಗೆ ಬೀಳುವ ದೊಡ್ಡ ಗುರುತುಗಳಲ್ಲಿ ನಕಲು ಬಹಳ ಚೆನ್ನಾಗಿದೆ; ನನಗೆ ಉಪಯೋಗಕ್ಕೆ ಬಂದದ್ದು ಚಿಕ್ಕ ಗುರುತುಗಳು.

ಬಲೆಯನ್ನು ನಾನು ಬಳಸುವುದಿಲ್ಲ. ಎಗ್‌ಫ್ಲೈ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿರುವ ಜೀವಿ. ಪಾತರಗಿತ್ತಿ ರೆಕ್ಕೆ ಮಡಿಚಿ ಕೂರುವವರೆಗೆ ಕಾದು, ನೆಲದ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕುಳಿತು, ಪಕ್ಕದಿಂದ ಒಂದು ಚಿತ್ರ ತೆಗೆದರೆ ಚುಕ್ಕೆಗಳು ಸ್ಪಷ್ಟವಾಗಿ ಸಿಗುತ್ತವೆ. ಮನೆಯ ಕರಿಬೇವಿಗೆ ಬರುವ ಕಾಮನ್ ಮಾರ್ಮನ್ ಹೆಣ್ಣು ಕಾಮನ್ ರೋಸ್‌ನಂತೆ ಕಾಣುವ ತೊಂದರೆ ಇದಕ್ಕಿಂತ ಹಗುರ, ಏಕೆಂದರೆ ಅಲ್ಲಿ ರೆಕ್ಕೆಯನ್ನು ಬಿಟ್ಟು ಮೈ ನೋಡಿದರಾಯಿತು: ರೋಸ್‌ನ ಮೈ ಕೆಂಪು, ಮಾರ್ಮನ್‌ನದು ಕಪ್ಪು.

ಹಿಂದಿನ ರೆಕ್ಕೆ ಎಲೆಯ ಮರೆಯಲ್ಲಿದ್ದ ಹಳೆಯ ಚಿತ್ರಗಳಿಗೆ ಬರೆದಿದ್ದ ಹೆಸರನ್ನು ಅಳಿಸಿ, "ಟೈಗರ್ ಅಥವಾ ಎಗ್‌ಫ್ಲೈ" ಎಂದಷ್ಟೇ ಬರೆದಿಟ್ಟಿದ್ದೇನೆ.