ಹೊಸ ಪಿಸ್ತೂಲ್ ನಿಜವಾಗ್ಲೂ ಹೊಸದಾ? ತಗೊಳ್ಳೋ ಮುಂಚೆ ನೋಡ್ಕೊಳ್ಳಿ

ಅಮೆರಿಕದಲ್ಲಿರೋ ನಮ್ಮವರು ಯಾರಾದ್ರೂ ಗ್ಲಾಕ್ 19 ಥರದ ಪಿಸ್ತೂಲ್ ತಗೊಳ್ತಿದ್ರೆ ದುಡ್ಡು ಕೊಡೋ ಮುಂಚೆ ಅಂಗಡಿಯವರನ್ನ ಕೇಳಿ ಅಲ್ಲೇ ಬಿಚ್ಚಿಸಿ ನೋಡಿ, ಮನೆಗೆ ತಂದ್ಮೇಲೆ ವಾಪಸ್ ಕೊಡೋದು ಬಹಳ ಕಷ್ಟ. ಮೊದ್ಲು ಮ್ಯಾಗಜೀನ್ (ಹಿಡಿಯೊಳಗೆ ಗುಂಡು ತುಂಬೋ ಡಬ್ಬಿ) ತೆಗೀರಿ, ಸ್ಲೈಡ್ (ಹಿಂದೆ ಮುಂದೆ ಸರಿಯೋ ಮೇಲಿನ ಭಾಗ) ಹಿಂದಕ್ಕೆಳೆದು ಚೇಂಬರ್ (ಹಾರೋ ಮುಂಚೆ ಗುಂಡು ಕೂರೋ ಜಾಗ) ಖಾಲಿ ಇದ್ಯಾ ಅಂತ ಕಣ್ಣಲ್ಲೂ ನೋಡಿ ಬೆರಳಿಟ್ಟೂ ನೋಡಿ, ಯಾಕಂದ್ರೆ ಗ್ಲಾಕ್ ಬಿಚ್ಚೋಕೆ ಟ್ರಿಗರ್ ಒತ್ತಲೇಬೇಕು, ಒಳಗೆ ಗುಂಡಿದ್ರೆ ಹಾರಿಬಿಡುತ್ತೆ.

ಒಳಗೆ ಸ್ವಲ್ಪ ಮಸಿ ಕಂಡ ತಕ್ಷಣ ಗಾಬರಿ ಬೇಡ, ಫ್ಯಾಕ್ಟರೀಲೇ ಟೆಸ್ಟ್‌ಗೆ ಗುಂಡು ಹಾರಿಸಿರ್ತಾರೆ. ಸ್ಲೈಡ್ ಒಳಗೆ ತಾಮ್ರದ ಬಣ್ಣದ ಗ್ರೀಸ್ ಹಚ್ಚಿರ್ತಾರೆ ನೋಡಿ, ಅದು ಹಂಗೇ ಇದ್ರೆ ಒಳ್ಳೇ ಲಕ್ಷಣ. ನನಗೆ ಒಂದು ಅಂಗಡೀಲಿ ಹೊಸದು ಅಂತ ಕೊಟ್ಟಿದ್ರಲ್ಲಿ ಆ ಗ್ರೀಸ್ ಪೂರ್ತಿ ಒರೆಸಿ ಹೋಗಿತ್ತು, ಬ್ಯಾರೆಲ್ (ಗುಂಡು ಹೊರಗೆ ಹೋಗೋ ನಳಿಗೆ) ಮೇಲ್ಭಾಗ ಸ್ಲೈಡಿಗೆ ಉಜ್ಜಿ ಕಪ್ಪು ಬಣ್ಣ ಸವೆದು ಬೆಳ್ಳಗೆ ಹೊಳೀತಿತ್ತು, ಗುಂಡಿನ ಹಿಂಭಾಗ ತಾಗೋ ಜಾಗದಲ್ಲಿ ಹಿತ್ತಾಳೆ ಬಣ್ಣ ಮೆತ್ಕೊಂಡಿತ್ತು, ಟಾರ್ಚ್ ಬಿಟ್ಟು ನೋಡಿದ್ಮೇಲೇ ಗೊತ್ತಾಗಿದ್ದು. ಎರಡು ಮೂರು ಗುಂಡಿಗೆ ಅಷ್ಟು ಸವೆಯಲ್ಲ ಕಣ್ರೀ, ನಾನು ತಗೊಳ್ಲಿಲ್ಲ.

ಹಂಗಂತ ಬ್ಯಾರೆಲ್ ಮೇಲೆ ಬರೀ ಸಣ್ಣ ಗೀರು ಇದ್ರೆ ಬಳಸಿದ್ದು ಅಂತ ಹೇಳೋಕಾಗಲ್ಲ, ಅಂಗಡಿಗೆ ಬಂದೋರೆಲ್ಲ ಸ್ಲೈಡ್ ಎಳೆದೆಳೆದು ನೋಡಿರ್ತಾರೆ, ಅದಕ್ಕೇ ಶೋಕೇಸಲ್ಲಿರೋದು ಬೇಡ, ಒಳಗಿಂದ ಬೇರೆ ಪೀಸ್ ತಂದ್ಕೊಡಿ ಅಂತ ಕೇಳಿ. ಕೊನೇಗೆ ಸೀರಿಯಲ್ ನಂಬರ್, ಗ್ಲಾಕಲ್ಲಿ ಫ್ರೇಮ್ (ಹಿಡಿ ಇರೋ ಕೆಳಭಾಗ), ಸ್ಲೈಡ್, ಬ್ಯಾರೆಲ್ ಮೂರರ ಮೇಲೂ ಇರುತ್ತೆ, ಡಬ್ಬದ ಮೇಲಿರೋ ನಂಬರ್ ಜೊತೆ ಒಂದೊಂದೇ ಅಕ್ಷರ ಹೊಂದಿಸಿ ನೋಡಿ. ಬ್ಯಾರೆಲ್ ನಂಬರ್ ಬೇರೆ ಇದ್ರೆ ಯಾರೋ ಬದಲಾಯಿಸಿರೋ ಸಾಧ್ಯತೆ ಹೆಚ್ಚು.